ತರಿಸಬೇಕೇ, ಇಲ್ಲಿಯದನ್ನೇ ಕೊಳ್ಳಬೇಕೇ, ಮನೆಯಲ್ಲೇ ಮಾಡಬೇಕೇ: ಜರ್ಮನಿಯಲ್ಲಿ ಬ್ರಿಟಿಷ್ ಬೇಕಿಂಗ್ ಸಾಮಗ್ರಿಗಳು

ಬ್ರಿಟನ್ನಿನಲ್ಲಿ ಕೆಲವು ವರ್ಷ ಇದ್ದು, ಸ್ಕೋನ್, ಓಟ್ಸಿನ ಫ್ಲ್ಯಾಪ್‌ಜಾಕ್, ಓಟ್‌ಮೀಲ್ ಮತ್ತು ಟ್ರೀಕಲ್ ಹಾಕುವ ಪಾರ್ಕಿನ್ ಕೇಕು, ಕ್ರಿಸ್‌ಮಸ್ ಪುಡಿಂಗ್‌ಗಳಿಗೆ ಕೈ ಪಳಗಿಸಿಕೊಂಡು, ಆಮೇಲೆ ಕೆಲಸದ ನಿಮಿತ್ತ ಜರ್ಮನಿಗೆ ಬಂದು ನೆಲೆಸಿದವರಿಗೆ ಮೊದಲ ಚಳಿಗಾಲದಲ್ಲೇ ಈ ತೊಡಕು ಎದುರಾಗುತ್ತದೆ. ಇಲ್ಲಿಯ ಸೂಪರ್‌ಮಾರ್ಕೆಟ್ಟಿನಲ್ಲಿ ಬೇಕಿಂಗ್ ಸಾಮಗ್ರಿಗೆಂದೇ ಇಡೀ ಸಾಲೊಂದು ಮೀಸಲಾಗಿರುತ್ತದೆ. ಆದರೂ ಬ್ರಿಟಿಷ್ ಪಾಕವಿಧಾನವನ್ನು ಕೈಯಲ್ಲಿ ಹಿಡಿದು ಆ ಸಾಲಿನಲ್ಲಿ ನಡೆದರೆ ಸೆಲ್ಫ್ ರೈಸಿಂಗ್ ಹಿಟ್ಟು, ಗೋಲ್ಡನ್ ಸಿರಪ್, ಕಾಕಂಬಿಯಂಥ ಕಪ್ಪು ಪಾಕವಾದ ಬ್ಲ್ಯಾಕ್ ಟ್ರೀಕಲ್, ಸೂಯೆಟ್ ಎಂಬ ಗಟ್ಟಿ ಕೊಬ್ಬು, ಮಿಕ್ಸ್ಡ್ ಸ್ಪೈಸ್ ಮಸಾಲೆ, ಕ್ಲಾಟೆಡ್ ಕ್ರೀಮ್ ಎಂಬ ದಪ್ಪ ಕೆನೆ ಇವುಗಳಲ್ಲಿ ಒಂದೂ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ.

ಆಗ ಮೂರು ದಾರಿಗಳಿವೆ. ಬ್ರಿಟಿಷ್ ಪದಾರ್ಥವನ್ನೇ ಆಮದು ಅಂಗಡಿಯಿಂದಲೋ ಅಂಚೆಯ ಮೂಲಕವೋ ತರಿಸಿಕೊಳ್ಳಬಹುದು. ಅದಕ್ಕೆ ಹತ್ತಿರವಾದ ಜರ್ಮನ್ ಪದಾರ್ಥವನ್ನು ಕೊಳ್ಳಬಹುದು. ಇಲ್ಲವೇ ಮನೆಯಲ್ಲೇ ಮಾಡಿಕೊಳ್ಳಬಹುದು. ಎಲ್ಲವನ್ನೂ ತರಿಸುವವರು ಒಂದು ಕೇಕಿಗೆ ಹೋಟೆಲ್ ಊಟದಷ್ಟು ಖರ್ಚು ಮಾಡುತ್ತಾರೆ. ಎಲ್ಲದಕ್ಕೂ ಬದಲಿ ಹುಡುಕುವವರ ಪಾರ್ಕಿನ್ ತಿನ್ನಲು ಚೆನ್ನಾಗಿಯೇ ಇರುತ್ತದೆ, ಆದರೆ ಅದು ಪಾರ್ಕಿನ್ ಆಗಿ ಉಳಿದಿರುವುದಿಲ್ಲ. ಯಾವ ದಾರಿ ಹಿಡಿಯಬೇಕೆಂಬುದನ್ನು ಪದಾರ್ಥದ ಹೆಸರಿನಿಂದ ತೀರ್ಮಾನಿಸದೆ, ಆ ಪದಾರ್ಥ ಕೇಕಿನೊಳಗೆ ಮಾಡುವ ಕೆಲಸವೇನು ಎಂದು ಕೇಳಿ ತೀರ್ಮಾನಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಕೆಲಸ ಉಬ್ಬಿಸುವುದು, ಅಂಟಿಸುವುದು, ಸಿಹಿ ಕೊಡುವುದು ಇಷ್ಟೇ ಆಗಿದ್ದರೆ ಬದಲಿ ಸಿಕ್ಕೇ ಸಿಗುತ್ತದೆ. ಅದರ ರುಚಿಯೇ ತಿಂಡಿಯ ಗುರುತಾಗಿದ್ದರೆ, ಅಥವಾ ಅದು ಕರಗುವ ಉಷ್ಣತೆಯಿಂದಲೇ ತಿಂಡಿಯ ಹದ ಬರುವಂತಿದ್ದರೆ, ಹಣ ಕೊಟ್ಟು ತರಿಸುವುದು ಸಾರ್ಥಕ.

ತರಿಸುವ ದಾರಿಯ ನಿಯಮಗಳು

2021ರ ಜನವರಿ 1ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಿಂದ ಬರುವ ಪೊಟ್ಟಣಗಳನ್ನು ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬಂದ ಸರಕೆಂದೇ ಪರಿಗಣಿಸಲಾಗುತ್ತದೆ. ಅದೇ ವರ್ಷದ ಜುಲೈಯಿಂದ, 22 ಯೂರೋ ಒಳಗಿನ ಸಣ್ಣ ಪೊಟ್ಟಣಗಳಿಗೆ ಇದ್ದ ಮೌಲ್ಯವರ್ಧಿತ ತೆರಿಗೆಯ ವಿನಾಯಿತಿಯೂ ರದ್ದಾಯಿತು. ಹೀಗಾಗಿ ಒಂದೇ ಒಂದು ಡಬ್ಬಿ ತರಿಸಿದರೂ ತೆರಿಗೆ ಬೀಳುತ್ತದೆ, ಅದರ ಮೇಲೆ ಸಾಗಣೆದಾರರು ತಮ್ಮ ನಿರ್ವಹಣಾ ಶುಲ್ಕವನ್ನೂ ಸೇರಿಸುವುದುಂಟು. ಸ್ನೇಹಿತರೋ ಬಂಧುಗಳೋ ಕಳುಹಿಸುವ 45 ಯೂರೋ ಒಳಗಿನ ಉಡುಗೊರೆಗೆ ಮಾತ್ರ ವಿನಾಯಿತಿ ಉಳಿದಿದೆ.

ಇದಕ್ಕಿಂತ ಮುಖ್ಯವಾದದ್ದು ಮಾಂಸ ಮತ್ತು ಹಾಲಿನ ಉತ್ಪನ್ನಗಳ ಮೇಲಿನ ನಿಷೇಧ. ಪ್ರಯಾಣಿಕರ ಚೀಲದಲ್ಲಾಗಲಿ, ಖಾಸಗಿ ಅಂಚೆಯಲ್ಲಾಗಲಿ ಗೋಮಾಂಸದ ಕೊಬ್ಬಿನ ಸೂಯೆಟ್, ಕ್ಲಾಟೆಡ್ ಕ್ರೀಮ್, ಬೆಣ್ಣೆ ಇವು ಬರುವಂತಿಲ್ಲ, ಸಿಕ್ಕಿದರೆ ಗಡಿಯಲ್ಲೇ ತೆಗೆದು ನಾಶಮಾಡುತ್ತಾರೆ. ಈ ನಿಯಮಗಳು ಆಗಾಗ ಪರಿಷ್ಕರಣೆಗೆ ಒಳಗಾಗುವುದರಿಂದ, ಆರ್ಡರ್ ಮಾಡುವ ಅಥವಾ ಹೊರಡುವ ಮುನ್ನ ಜರ್ಮನಿಯ ಕಸ್ಟಮ್ಸ್ ಇಲಾಖೆಯ ಸೂಚನೆಗಳನ್ನು ಒಮ್ಮೆ ಓದಿಕೊಳ್ಳುವುದು ಕ್ಷೇಮ.

ಹೆಚ್ಚಿನವರು ಗಮನಿಸದ ಒಂದು ಅನುಕೂಲ ಇಲ್ಲಿದೆ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದ ಸದಸ್ಯ ದೇಶ; ಅಲ್ಲಿಂದ ಬರುವ ಸರಕಿಗೆ ಗಡಿ ತಪಾಸಣೆಯೂ ಇಲ್ಲ, ಆಮದು ಸುಂಕವೂ ಇಲ್ಲ. ಐರಿಷ್ ಅಡುಗೆಮನೆಗೂ ಬ್ರಿಟಿಷ್ ಅಡುಗೆಮನೆಗೂ ಬೇಕಿಂಗ್ ಸಾಮಗ್ರಿಯ ಮಟ್ಟಿಗೆ ಬಹಳ ಹತ್ತಿರದ ನಂಟಿದೆ. ಓಡ್‌ಲಮ್ಸ್ ಹೆಸರಿನ ಸೆಲ್ಫ್ ರೈಸಿಂಗ್ ಹಿಟ್ಟು ಅಲ್ಲಿಯ ಮನೆಮಾತು. ಆದ್ದರಿಂದ ಅಂಚೆಯಲ್ಲೇ ತರಿಸುವುದಾದರೆ ಮೊದಲು ಐರ್ಲೆಂಡಿನ ಅಂಗಡಿಗಳನ್ನು ನೋಡಿ, ಅಲ್ಲಿ ಸಿಗದಿದ್ದರೆ ಮಾತ್ರ ಬ್ರಿಟನ್ನಿನ ಕಡೆ ತಿರುಗುವುದು ಲಾಭದಾಯಕ. ಊರಿನ ಭಾರತೀಯ ದಿನಸಿ ಅಂಗಡಿಗಳನ್ನೂ ಮರೆಯಬಾರದು. ಅಕ್ಕಿ, ಬೇಳೆ, ರವೆಗಳ ನಡುವೆ ಬರ್ಡ್ಸ್ ಕಸ್ಟರ್ಡ್ ಪುಡಿಯಂಥ ಬ್ರಿಟಿಷ್ ಡಬ್ಬಿಗಳು ಅಲ್ಲಿ ಕಾಣಿಸಿಕೊಳ್ಳುವುದುಂಟು.

ಗೋಲ್ಡನ್ ಸಿರಪ್ ಮತ್ತು ಬ್ಲ್ಯಾಕ್ ಟ್ರೀಕಲ್

ಹಸಿರು ಮತ್ತು ಚಿನ್ನದ ಬಣ್ಣದ ಡಬ್ಬಿ, ಅದರ ಮೇಲೆ ಸತ್ತ ಸಿಂಹ, ಸುತ್ತ ಜೇನುನೊಣಗಳು. ಬೈಬಲಿನ ಸ್ಯಾಮ್ಸನ್ ಕಥೆಯಿಂದ ಬಂದ ಈ ಚಿತ್ರವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಏಬ್ರಮ್ ಲೈಲ್ ಎಂಬ ಸ್ಕಾಟಿಷ್ ಉದ್ಯಮಿಯ ಪೂರ್ವ ಲಂಡನ್ನಿನ ಪ್ಲೇಸ್ಟೋ ಕಾರ್ಖಾನೆಯಲ್ಲಿ ಕಬ್ಬಿನ ಸಕ್ಕರೆಯನ್ನು ಶುದ್ಧೀಕರಿಸುವಾಗ ಉಳಿಯುತ್ತಿದ್ದ ಪಾಕವನ್ನು ಸಂಸ್ಕರಿಸಿ 1883ರಲ್ಲಿ ಮಾರಾಟಕ್ಕೆ ತಂದದ್ದೇ ಈ ಸಿರಪ್. ಇದರಲ್ಲಿ ಸಕ್ಕರೆಯ ಒಂದು ಭಾಗ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದಿರುತ್ತದೆ. ಆ ಕಾರಣಕ್ಕೇ ಅದು ಹರಳುಗಟ್ಟುವುದಿಲ್ಲ, ತಿಂಡಿಗೆ ಜಿಗುಟನ್ನೂ ತೇವವನ್ನೂ ಕೊಡುತ್ತದೆ. ಇದರ ಜೊತೆಗೆ ಬೆಣ್ಣೆ ಮತ್ತು ಸುಟ್ಟ ಸಕ್ಕರೆಯ ನಡುವೆ ನಿಲ್ಲುವ ಒಂದು ವಿಶಿಷ್ಟ ರುಚಿ ಅದಕ್ಕಿದೆ.

ಬದಲಿಗಳನ್ನು ಹೋಲಿಸುವಾಗ ಈ ಎರಡೂ ಗುಣಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಜೇನುತುಪ್ಪ ಜಿಗುಟನ್ನು ಕೊಡುತ್ತದೆ, ಆದರೆ ಅದರ ಪರಿಮಳ ಓಟ್ಸನ್ನು ಮೀರಿಸುತ್ತದೆ. ಅಲ್ಲದೆ ಅದರಲ್ಲಿ ಫ್ರಕ್ಟೋಸ್ ಹೆಚ್ಚಿರುವುದರಿಂದ ಬೇಗ ಕಂದುಬಣ್ಣಕ್ಕೆ ತಿರುಗುತ್ತದೆ. ಜೇನು ಹಾಕಿದ ಫ್ಲ್ಯಾಪ್‌ಜಾಕ್‌ಗೆ ಒಲೆಯ ಉಷ್ಣತೆಯನ್ನು ಹತ್ತು ಹದಿನೈದು ಡಿಗ್ರಿ ಇಳಿಸದಿದ್ದರೆ ಅಂಚು ಕಹಿಯಾಗುತ್ತದೆ. ಗ್ಲೂಕೋಸ್ ಸಿರಪ್ ಜಿಗುಟಿನಲ್ಲಿ ಸಮ, ರುಚಿಯಲ್ಲಿ ಶೂನ್ಯ. ಮೇಪಲ್ ಸಿರಪ್ ತೆಳ್ಳಗಿದ್ದು ಅಂಟುವುದೇ ಇಲ್ಲ. ಜರ್ಮನಿಯಲ್ಲಿ ಗ್ರಾಫ್‌ಶಾಫ್ಟರ್ ಹೆಸರಿನಲ್ಲಿ ಬರುವ ತಿಳಿ ಬಣ್ಣದ ಸಿರಪ್, ಅಂದರೆ ಡಬ್ಬಿಯ ಮೇಲೆ ಹೆಲ್ಲರ್ ಸಿರಪ್ ಎಂದು ಬರೆದದ್ದು, ಅಂಗಡಿಯಲ್ಲಿ ಸಿಗುವ ಬದಲಿಗಳಲ್ಲಿ ಅತ್ಯಂತ ಹತ್ತಿರದ್ದು. ಸ್ವೀಡನ್ ಅಥವಾ ಡೆನ್ಮಾರ್ಕ್‌ಗೆ ಹೋಗಿಬರುವವರು ಅಲ್ಲಿಯ ತಿಳಿ ಸಿರಪ್ ತಂದುಕೊಳ್ಳಬಹುದು, ಅದೂ ಚೆನ್ನಾಗಿ ಹೊಂದುತ್ತದೆ.

ಮನೆಯಲ್ಲಿ ಮಾಡುವ ದಾರಿ ಕಷ್ಟದ್ದಲ್ಲ, ಆದರೆ ಕಣ್ಣು ಒಲೆಯ ಮೇಲೇ ಇರಬೇಕು. ದಪ್ಪ ತಳದ ಪಾತ್ರೆಯಲ್ಲಿ 100 ಗ್ರಾಂ ಸಕ್ಕರೆಗೆ ಮೂರು ದೊಡ್ಡ ಚಮಚ ನೀರು ಹಾಕಿ, ಕೈಯಾಡಿಸದೆ ಕಾಯಿಸುತ್ತ ಹೋದರೆ ಮೊದಲು ಗುಳ್ಳೆಗಳು ದೊಡ್ಡದಾಗಿ ಎದ್ದು, ಆಮೇಲೆ ಚಿಕ್ಕದಾಗಿ ದಟ್ಟವಾಗಿ, ಪಾತ್ರೆಯ ಅಂಚಿನಿಂದ ಬಣ್ಣ ಏರಲು ಶುರುವಾಗುತ್ತದೆ. ಒಳ್ಳೆಯ ಅಂಬರ್ ಬಣ್ಣ ಬಂದೊಡನೆ 300 ಮಿಲಿಲೀಟರ್ ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವಾಗಿ, ಮುಖವನ್ನು ದೂರವಿಟ್ಟುಕೊಂಡು ಸೇರಿಸಬೇಕು, ಏಕೆಂದರೆ ಪಾಕ ಜೋರಾಗಿ ಸಿಡಿಯುತ್ತದೆ. ಬಳಿಕ ಇನ್ನೂ 500 ಗ್ರಾಂ ಸಕ್ಕರೆ ಮತ್ತು ಒಂದು ಹೋಳು ನಿಂಬೆಹಣ್ಣು ಹಾಕಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಬೇಕು. ನಿಂಬೆಯ ಹುಳಿಯೇ ಸಕ್ಕರೆಯನ್ನು ಒಡೆದು ಹರಳುಗಟ್ಟದಂತೆ ತಡೆಯುವುದರಿಂದ ಅದನ್ನು ಬಿಡುವಂತಿಲ್ಲ. ಬಿಸಿಯಿರುವಾಗ ಪಾಕ ತೆಳ್ಳಗೆ ಕಾಣುತ್ತದೆ, ತಣಿದ ಮೇಲೆ ಚಮಚದಿಂದ ದಪ್ಪ ಎಳೆಯಾಗಿ ಇಳಿಯುತ್ತದೆ. ಫ್ಲ್ಯಾಪ್‌ಜಾಕ್, ಜಿಂಜರ್‌ಬ್ರೆಡ್, ಬ್ರ್ಯಾಂಡಿ ಸ್ನ್ಯಾಪ್‌ಗಳಿಗೆ ಇದು ಧಾರಾಳವಾಗಿ ಸಾಕು. ಹೆಸರಿನಲ್ಲಿ ಟ್ರೀಕಲ್ ಇದ್ದರೂ ಗೋಲ್ಡನ್ ಸಿರಪ್ಪನ್ನೇ ಹಾಕುವ ಟ್ರೀಕಲ್ ಟಾರ್ಟ್ ಮತ್ತು ಆವಿಯಲ್ಲಿ ಬೇಯಿಸುವ ಸಿರಪ್ ಸ್ಪಂಜಿಗೆ ಮಾತ್ರ ಮೂಲ ಡಬ್ಬಿಯನ್ನೇ ತರಿಸಿ ಎನ್ನುತ್ತೇನೆ. ಆ ಎರಡು ತಿಂಡಿಗಳಲ್ಲಿ ಸಿರಪ್ಪನ್ನು ಮರೆಮಾಡಲು ಬೇರೇನೂ ಇಲ್ಲ. ಬ್ರೆಡ್ಡಿನ ಪುಡಿ, ನಿಂಬೆ, ಹಿಟ್ಟು ಎಲ್ಲವೂ ಅದರ ರುಚಿಯನ್ನು ಹೊತ್ತು ತರಲು ಇರುವಂಥವು.

ಬ್ಲ್ಯಾಕ್ ಟ್ರೀಕಲ್‌ನ ಸಂಗತಿ ಬೇರೆ. ಜರ್ಮನಿಯ ಪ್ರತಿಯೊಂದು ಸೂಪರ್‌ಮಾರ್ಕೆಟ್ಟಿನಲ್ಲೂ ಹಳದಿ ಡಬ್ಬಿಯಲ್ಲಿ ಸಕ್ಕರೆ ಬೀಟ್‌ರೂಟಿನ ಕಪ್ಪು ಸಿರಪ್ ಸಿಗುತ್ತದೆ. ರೈನ್‌ಲ್ಯಾಂಡಿನವರು ಅದನ್ನು ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಾರೆ. ನೋಡಲು ಟ್ರೀಕಲ್‌ನಂತೆಯೇ ಇದ್ದರೂ ಅದು ಬೀಟಿನ ರಸವನ್ನೇ ಬತ್ತಿಸಿ ಮಾಡಿದ್ದು, ಸಕ್ಕರೆ ತೆಗೆದ ಮೇಲೆ ಉಳಿದ ಕಾಕಂಬಿಯಲ್ಲ. ಹಾಗಾಗಿ ಸಿಹಿ ಹೆಚ್ಚು, ಕಹಿ ಕಡಿಮೆ, ಜೊತೆಗೆ ಮಣ್ಣಿನ ಒಂದು ಛಾಯೆ. ಇನ್ನೊಂದು ಕಡೆ ಸಾವಯವ ಅಂಗಡಿಗಳಲ್ಲಿ ಸಿಗುವ ಕಬ್ಬಿನ ಕಾಕಂಬಿ ಟ್ರೀಕಲ್‌ಗಿಂತ ಹೆಚ್ಚು ಕಹಿ. ಒಂದನ್ನೇ ಬಳಸಿದರೆ ಎರಡೂ ಸೋಲುತ್ತವೆ, ಬೆರೆಸಿದರೆ ಗೆಲ್ಲುತ್ತವೆ: ಎರಡು ಪಾಲು ಬೀಟ್ ಸಿರಪ್ಪಿಗೆ ಒಂದು ಪಾಲು ಕಬ್ಬಿನ ಕಾಕಂಬಿ ಸೇರಿಸಿದ ಮಿಶ್ರಣ ಕ್ರಿಸ್‌ಮಸ್ ಕೇಕಿಗೂ, ನವೆಂಬರ್ 5ರ ಬಾನ್‌ಫೈರ್ ರಾತ್ರಿಗೆಂದು ಯಾರ್ಕ್‌ಶೈರಿನವರು ಮಾಡುವ ಪಾರ್ಕಿನ್‌ಗೂ ಸರಿಯಾಗಿ ಹೊಂದುತ್ತದೆ. ಟ್ರೀಕಲ್ ಡಬ್ಬಿಗಾಗಿ ಅಂಚೆ ಖರ್ಚು ಮಾಡುವ ಅಗತ್ಯ ನನಗಂತೂ ಕಂಡಿಲ್ಲ.

ಹಿಟ್ಟು ಮತ್ತು ಉಬ್ಬಿಸುವ ಪುಡಿಗಳು

ಸೆಲ್ಫ್ ರೈಸಿಂಗ್ ಹಿಟ್ಟನ್ನು ತರಿಸುವುದು ಹಣ ವ್ಯರ್ಥ ಮಾಡಿದಂತೆ. 1845ರಲ್ಲಿ ಬ್ರಿಸ್ಟಲ್‌ನ ಹೆನ್ರಿ ಜೋನ್ಸ್ ಎಂಬ ಬೇಕರಿಯವರು ಇದಕ್ಕೆ ಪೇಟೆಂಟ್ ಪಡೆದರು. ಹಡಗಿನಲ್ಲಿ ತಿಂಗಳುಗಟ್ಟಲೆ ಕಲ್ಲಿನಂಥ ಬಿಸ್ಕತ್ತು ತಿನ್ನುತ್ತಿದ್ದ ನಾವಿಕರಿಗೆ ಮೆತ್ತನೆಯ ರೊಟ್ಟಿ ಸಿಗಬೇಕೆಂಬುದು ಅವರ ಆಸೆಯಾಗಿತ್ತು. ಮೂಲತಃ ಇದು ಮೈದಾ ಮತ್ತು ಬೇಕಿಂಗ್ ಪುಡಿಯ ಮಿಶ್ರಣ, ಅಷ್ಟೇ. ಭಾರವಾದ ಪೊಟ್ಟಣ, ಅದೂ ದಿನ ಕಳೆದಂತೆ ಉಬ್ಬಿಸುವ ಶಕ್ತಿ ಕಳೆದುಕೊಳ್ಳುವಂಥದ್ದು.

ಯಾವ ಮೈದಾ, ಎಷ್ಟು ಪುಡಿ ಎಂಬುದರಲ್ಲಿ ಎಚ್ಚರ ಬೇಕು. ಜರ್ಮನ್ ಹಿಟ್ಟಿನ ಪೊಟ್ಟಣದ ಮೇಲಿನ 405, 550, 1050 ಎಂಬ ಸಂಖ್ಯೆಗಳು ಹಿಟ್ಟನ್ನು ಸುಟ್ಟಾಗ ಉಳಿಯುವ ಖನಿಜ ಬೂದಿಯ ಪ್ರಮಾಣವನ್ನು ಸೂಚಿಸುತ್ತವೆ; ಸಂಖ್ಯೆ ಕಡಿಮೆಯಾದಷ್ಟೂ ಹಿಟ್ಟು ಬಿಳಿ. ಕೇಕು ಮತ್ತು ಸ್ಕೋನಿಗೆ ಮುಖ್ಯವಾದದ್ದು ಪ್ರೋಟೀನ್, ಅದನ್ನು ಪೊಟ್ಟಣದ ಹಿಂಬದಿಯ ಪೋಷಕಾಂಶ ಪಟ್ಟಿಯಲ್ಲಿ ಐವೈಸ್ ಎಂಬ ಸಾಲಿನಲ್ಲಿ ನೋಡಬೇಕು. ಬ್ರಿಟಿಷ್ ಪ್ಲೇನ್ ಹಿಟ್ಟಿನಲ್ಲಿ ಅದು 100 ಗ್ರಾಮಿಗೆ ಸುಮಾರು 9ರಿಂದ 10 ಗ್ರಾಂ. 405ರಲ್ಲಿ ಆ ಪ್ರಮಾಣದ ಆಸುಪಾಸಿನಲ್ಲಿರುವ ಬ್ರ್ಯಾಂಡ್ ಆರಿಸಿಕೊಂಡರೆ ವಿಕ್ಟೋರಿಯಾ ಸ್ಪಂಜು, ಸ್ಕೋನ್, ಶಾರ್ಟ್‌ಕ್ರಸ್ಟ್ ಎಲ್ಲಕ್ಕೂ ಸಾಕು. ಹಾಟ್ ಕ್ರಾಸ್ ಬನ್‌ನಂತಹ ಯೀಸ್ಟ್ ತಿಂಡಿಗಳಿಗೆ ಬ್ರಿಟನ್ನಿನಲ್ಲಿ ಬಳಸುವ ಸ್ಟ್ರಾಂಗ್ ಹಿಟ್ಟಿನ ಪ್ರೋಟೀನ್ 12 ಗ್ರಾಂ ಮೀರಿರುತ್ತದೆ. 550 ಆ ಮಟ್ಟಕ್ಕೆ ಸಾಮಾನ್ಯವಾಗಿ ಏರುವುದಿಲ್ಲ, ಇಟಲಿಯ ಮಾನಿತೋಬಾ ಹಿಟ್ಟನ್ನು ಅದಕ್ಕೆ ಸ್ವಲ್ಪ ಬೆರೆಸಿಕೊಂಡರೆ ಬನ್ನು ಮೇಲೆದ್ದು ನಿಲ್ಲುತ್ತದೆ.

ಬೇಕಿಂಗ್ ಪುಡಿಯ ಪ್ರಮಾಣದಲ್ಲೇ ಹೆಚ್ಚಿನ ಕೇಕುಗಳು ಕೆಡುವುದು. ಜರ್ಮನಿಯಲ್ಲಿ ಬಾಕ್‌ಪುಲ್ವರ್ ಸುಮಾರು 15–16 ಗ್ರಾಮಿನ ಚಿಕ್ಕ ಲಕೋಟೆಗಳಲ್ಲಿ ಬರುತ್ತದೆ, ಒಂದು ಲಕೋಟೆ ಅರ್ಧ ಕಿಲೋ ಹಿಟ್ಟಿಗೆ ಎಂದು ಅದರ ಮೇಲೆಯೇ ಬರೆದಿರುತ್ತದೆ. ಆ ಲೆಕ್ಕ ಜರ್ಮನ್ ಕೇಕಿಗೆ ಸರಿ, ಬ್ರಿಟಿಷ್ ಸ್ಪಂಜಿಗೆ ಕಡಿಮೆ. ಪ್ರತಿ 100 ಗ್ರಾಂ ಹಿಟ್ಟಿಗೆ 5 ಗ್ರಾಂ, ಅಂದರೆ ಲಕೋಟೆಯ ಮೂರನೆಯ ಒಂದು ಭಾಗ ಹಾಕಿ, ಎರಡು ಸಲ ಜರಡಿ ಹಿಡಿದರೆ ಸೆಲ್ಫ್ ರೈಸಿಂಗ್ ಹಿಟ್ಟು ಸಿದ್ಧ. ಚಮಚದ ಲೆಕ್ಕಕ್ಕಿಂತ ತೂಕದ ಲೆಕ್ಕವೇ ಇಲ್ಲಿ ನಂಬಿಕೆಗೆ ಅರ್ಹ. ಅಡಿಗೆ ಸೋಡಾ ನಾಟ್ರೋನ್ ಎಂಬ ಹೆಸರಿನಲ್ಲಿ ಎಲ್ಲೆಡೆ ಸಿಗುತ್ತದೆ.

ಅಮೆರಿಕಕ್ಕೆ ಹೋದವರಿಗೆ ಒಂದು ಮಾತು. ಅಲ್ಲಿ ಸೆಲ್ಫ್ ರೈಸಿಂಗ್ ಹಿಟ್ಟು ಅದೇ ಹೆಸರಿನಲ್ಲಿ ಸಿಗುವುದಾದರೂ ಅದರಲ್ಲಿ ಉಪ್ಪು ಬೆರೆತಿರುತ್ತದೆ. ಬ್ರಿಟಿಷ್ ಪಾಕವಿಧಾನಕ್ಕೆ ಅದನ್ನು ಬಳಸುವಾಗ ಬೇರೆ ಉಪ್ಪು ಹಾಕದಿರುವುದಷ್ಟೇ ಅಲ್ಲ, ಉಪ್ಪಿಲ್ಲದ ಬೆಣ್ಣೆಯನ್ನೇ ಆರಿಸಿಕೊಳ್ಳಬೇಕು.

ಸೂಯೆಟ್: ಬದಲಿ ಹುಡುಕುವುದು ನಿಜವಾಗಿ ಕಷ್ಟವಾದದ್ದು

ಸೂಯೆಟ್ ಎಂದರೆ ದನದ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು. 1893ರಲ್ಲಿ ಮ್ಯಾಂಚೆಸ್ಟರಿನ ಗೇಬ್ರಿಯಲ್ ಹ್ಯೂಗನ್ ಅದನ್ನು ತುರಿದು ಪೊಟ್ಟಣ ಕಟ್ಟಿ ಅಟೋರಾ ಎಂಬ ಹೆಸರಿನಲ್ಲಿ ಮಾರಲು ಆರಂಭಿಸಿದರು. ಈಗ ಅದೇ ಹೆಸರಿನಲ್ಲಿ ತಾಳೆ ಎಣ್ಣೆಯಿಂದ ಮಾಡಿದ ಸಸ್ಯಾಹಾರಿ ಸೂಯೆಟ್ ಕೂಡ ಬರುತ್ತದೆ. ನಮ್ಮಲ್ಲಿ ಅನೇಕರಿಗೆ ಇದು ಬರೀ ರುಚಿಯ ಪ್ರಶ್ನೆಯಲ್ಲ. ಕ್ರಿಸ್‌ಮಸ್ ಪುಡಿಂಗ್‌ನಲ್ಲೂ, ಮಿನ್ಸ್ ಪೈಗಳ ಒಳಗಿನ ಹಣ್ಣಿನ ಹೂರಣವಾದ ಮಿನ್ಸ್‌ಮೀಟ್‌ನಲ್ಲೂ ಸಾಂಪ್ರದಾಯಿಕವಾಗಿ ಹಾಕುವುದು ದನದ ಕೊಬ್ಬನ್ನೇ. ಹಣ್ಣಿನ ಸಿಹಿ ಎಂದುಕೊಂಡು ಲೇಬಲ್ ಓದದೆ ಕೊಳ್ಳುವ ಸಸ್ಯಾಹಾರಿಗಳು ಸಾಕಷ್ಟಿದ್ದಾರೆ. ಸಸ್ಯಾಹಾರಿ ಎಂದು ಸ್ಪಷ್ಟವಾಗಿ ಮುದ್ರಿಸಿದ ಬಾಟಲಿಯನ್ನೇ ಆರಿಸಬೇಕು.

ಸೂಯೆಟ್ಟಿನ ಕೆಲಸ ಅರ್ಥವಾದರೆ ಬದಲಿಯ ಕಷ್ಟವೂ ಅರ್ಥವಾಗುತ್ತದೆ. ಬೆಣ್ಣೆ ಸುಮಾರು 32–35 ಡಿಗ್ರಿಗೆ ಕರಗುತ್ತದೆ. ಸೂಯೆಟ್ ಕರಗಲು 45 ಡಿಗ್ರಿ ದಾಟಬೇಕು. ಪುಡಿಂಗನ್ನು ಆವಿಯಲ್ಲಿಟ್ಟಾಗ ಹಿಟ್ಟು ಗಟ್ಟಿಯಾಗತೊಡಗುವವರೆಗೂ ಸೂಯೆಟ್ಟಿನ ಕಾಳುಗಳು ಹಾಗೆಯೇ ಇರುತ್ತವೆ, ಆಮೇಲೆ ಕರಗಿ ತಾವಿದ್ದ ಜಾಗದಲ್ಲಿ ಸಣ್ಣ ಸಣ್ಣ ಪೊಳ್ಳುಗಳನ್ನು ಬಿಟ್ಟುಹೋಗುತ್ತವೆ. ಜ್ಯಾಮ್ ರೋಲಿ ಪೋಲಿಯನ್ನೋ ಸ್ಪಾಟೆಡ್ ಡಿಕ್ಕನ್ನೋ ಕತ್ತರಿಸಿ ನೋಡಿದರೆ ಈ ಪೊಳ್ಳುಗಳು ಕಣ್ಣಿಗೇ ಕಾಣುತ್ತವೆ. ಎರಡು ಗಂಟೆ ಬೆಂದರೂ ಪುಡಿಂಗ್ ಹಗುರವಾಗಿರುವುದು ಅದರಿಂದಲೇ. ಬೆಣ್ಣೆ ಹಾಕಿದರೆ ಅದು ಮೊದಲೇ ಕರಗಿ ಹಿಟ್ಟಿನೊಳಗೆ ಇಳಿದುಬಿಡುವುದರಿಂದ ಪುಡಿಂಗ್ ಒತ್ತೊತ್ತಾಗಿ, ಕೇಕಿನಂತೆ ಆಗುತ್ತದೆ. ತೆಂಗಿನ ಗಟ್ಟಿ ಕೊಬ್ಬು ಬೆಣ್ಣೆಗಿಂತಲೂ ಕಡಿಮೆ ಉಷ್ಣತೆಗೆ ಕರಗುವುದರಿಂದ, ಫ್ರಿಜ್ಜಿನಲ್ಲಿ ಎಷ್ಟೇ ಗಟ್ಟಿಯಾಗಿದ್ದರೂ ಇಲ್ಲಿ ಪ್ರಯೋಜನವಿಲ್ಲ.

ಹೀಗಾಗಿ ಸೂಯೆಟ್ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟ: ಸಸ್ಯಾಹಾರಿ ಸೂಯೆಟ್ ತರಿಸಿ. ಅದಕ್ಕೆ ಮಾಂಸದ ನಿಷೇಧ ತಗಲುವುದಿಲ್ಲ, ಪೊಟ್ಟಣ ಹಗುರ, ಬಹಳ ದಿನ ಕೆಡುವುದಿಲ್ಲ. ಮಾಂಸಾಹಾರಿಗಳಿಗೆ ಇನ್ನೊಂದು ದಾರಿಯಿದೆ. ಜರ್ಮನಿಯ ಕಟುಕರ ಅಂಗಡಿಯಲ್ಲಿ ಮೊದಲೇ ಹೇಳಿಟ್ಟರೆ ದನದ ಮೂತ್ರಪಿಂಡದ ಕೊಬ್ಬನ್ನು ತೆಗೆದಿಡುತ್ತಾರೆ. ಅದನ್ನು ಮನೆಯಲ್ಲಿ ಪೊರೆ ಬಿಡಿಸಿ, ಹೆಪ್ಪುಗಟ್ಟಿಸಿ, ಹಿಟ್ಟು ಸವರಿ ತುರಿದುಕೊಳ್ಳಬೇಕು. ಎರಡೂ ಆಗದಿದ್ದರೆ ಬೆಣ್ಣೆಯನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ, ತುರಿದು, ತುರಿಯನ್ನು ಮತ್ತೆ ಫ್ರೀಜರಿನಲ್ಲಿಟ್ಟು, ಎಲ್ಲಕ್ಕಿಂತ ಕೊನೆಯಲ್ಲಿ ಹಿಟ್ಟಿಗೆ ಬೆರೆಸಿ ತಕ್ಷಣ ಆವಿಗೆ ಇಡಬೇಕು. ಬೆಣ್ಣೆಯಲ್ಲಿ ಸುಮಾರು 16 ಶೇಕಡಾ ನೀರಿರುವುದರಿಂದ 100 ಗ್ರಾಂ ಸೂಯೆಟ್ಟಿಗೆ 115 ಗ್ರಾಂ ಬೆಣ್ಣೆ ಹಾಕಿ, ಹಾಲನ್ನೋ ನೀರನ್ನೋ ಒಂದು ದೊಡ್ಡ ಚಮಚದಷ್ಟು ತಗ್ಗಿಸಬೇಕು. ಮಿನ್ಸ್‌ಮೀಟ್‌ನಲ್ಲಿ ಕೊಬ್ಬಿಗೆ ಪೊಳ್ಳು ಬಿಡುವ ಕೆಲಸವಿಲ್ಲ, ಅಲ್ಲಿ ಬೆಣ್ಣೆಯಿಂದ ಯಾವ ನಷ್ಟವೂ ಇಲ್ಲ.

ಸಕ್ಕರೆ

ಕ್ಯಾಸ್ಟರ್ ಸಕ್ಕರೆಗೆ ಇಲ್ಲಿಯ ಅತಿ ನುಣುಪಾದ ಬೇಕಿಂಗ್ ಸಕ್ಕರೆ ಸಮ. ಸಿಗದಿದ್ದರೆ ಸಾಮಾನ್ಯ ಸಕ್ಕರೆಯನ್ನು ಮಿಕ್ಸಿಯಲ್ಲಿ ಎರಡು ಮೂರು ಸಲ ಮಾತ್ರ ತಿರುಗಿಸಿ. ಪುಡಿಯಾಗಿಬಿಟ್ಟರೆ ಬೆಣ್ಣೆಯೊಂದಿಗೆ ಕಡೆಯುವಾಗ ಗಾಳಿಯನ್ನು ಹಿಡಿದಿಡುವ ಹರಳೇ ಉಳಿಯುವುದಿಲ್ಲ.

ಕಂದು ಸಕ್ಕರೆಯಲ್ಲಿ ಎಚ್ಚರ ಬೇಕು. ಜರ್ಮನಿಯಲ್ಲಿ ಕಂದು ಸಕ್ಕರೆ ಎಂದು ಕೊಂಡದ್ದು ಬಹುತೇಕ ಒಣ ಹರಳು. ಬ್ರಿಟಿಷ್ ಸಾಫ್ಟ್ ಬ್ರೌನ್ ಅಥವಾ ಮಸ್ಕೊವಾಡೊ ಸಕ್ಕರೆಯಂತೆ ಹಿಡಿಯಲ್ಲಿ ಒತ್ತಿದರೆ ಉಂಡೆಯಾಗುವ ತೇವ ಅದರಲ್ಲಿಲ್ಲ. ಪೊಟ್ಟಣವನ್ನು ಬೆರಳಿನಿಂದ ಒತ್ತಿ ನೋಡಿದರೇ ವ್ಯತ್ಯಾಸ ತಿಳಿಯುತ್ತದೆ. ಸಾವಯವ ಮತ್ತು ನ್ಯಾಯವ್ಯಾಪಾರದ ಅಂಗಡಿಗಳಲ್ಲಿ ಫಿಲಿಪ್ಪೀನ್ಸ್‌ನ ಮಸ್ಕೊವಾಡೊ ಸಿಗುತ್ತದೆ, ಅದನ್ನು ಕೊಳ್ಳಬಹುದು. ಇಲ್ಲವಾದರೆ 100 ಗ್ರಾಂ ಬಿಳಿ ಸಕ್ಕರೆಗೆ ಒಂದು ದೊಡ್ಡ ಚಮಚ ಕಬ್ಬಿನ ಕಾಕಂಬಿ ಹಾಕಿ ಫೋರ್ಕಿನಿಂದ ಚೆನ್ನಾಗಿ ಕಲೆಸಿದರೆ ಕೆಲಸ ನಡೆಯುತ್ತದೆ. ಭಾರತೀಯ ಅಂಗಡಿಯ ಬೆಲ್ಲದ ಪುಡಿಯನ್ನು ಬಳಸಬಹುದೇ ಎಂದು ಕೇಳುವವರಿದ್ದಾರೆ. ಹಣ್ಣಿನ ಕೇಕು, ಜಿಂಜರ್‌ಬ್ರೆಡ್‌ಗಳಲ್ಲಿ ಬಳಸಬಹುದು, ಮಂಡ್ಯ ಬೆಲ್ಲದ ಪರಿಮಳ ಅಲ್ಲಿ ಸೊಗಸಾಗಿ ಬೆರೆಯುತ್ತದೆ. ಆದರೆ ಬೆಣ್ಣೆಯೊಂದಿಗೆ ಕಡೆದು ಉಬ್ಬಿಸುವ ಸ್ಪಂಜಿಗೆ ಬೆಲ್ಲ ಬೇಡ.

ಮಸಾಲೆ, ಒಣಹಣ್ಣು, ಮಾರ್ಜಿಪಾನ್

ಮಿಕ್ಸ್ಡ್ ಸ್ಪೈಸ್ ಡಬ್ಬಿಗೆ ಯಾರೂ ಹಣ ಕೊಡಬೇಕಾಗಿಲ್ಲ, ಕನ್ನಡಿಗರಂತೂ ಕೊಡಲೇಬಾರದು. ಚಕ್ಕೆ, ಜಾಯಿಕಾಯಿ, ಜಾಪತ್ರೆ, ಲವಂಗ, ಒಣಶುಂಠಿ, ಕೊತ್ತಂಬರಿ ಬೀಜ ಎಲ್ಲವೂ ನಮ್ಮ ಮಸಾಲೆ ಡಬ್ಬಿಯಲ್ಲೇ ಇವೆ; ಹೊರಗಿನಿಂದ ಬೇಕಾದದ್ದು ಆಲ್‌ಸ್ಪೈಸ್ ಒಂದೇ, ಅದು ಇಲ್ಲಿ ಪಿಮೆಂಟ್ ಎಂಬ ಹೆಸರಿನಲ್ಲಿ ಸಿಗುತ್ತದೆ. ನಾಲ್ಕು ಪಾಲು ಚಕ್ಕೆ, ಎರಡು ಪಾಲು ಕೊತ್ತಂಬರಿ ಬೀಜ, ಎರಡು ಪಾಲು ಜಾಯಿಕಾಯಿ, ಒಂದೊಂದು ಪಾಲು ಆಲ್‌ಸ್ಪೈಸ್, ಶುಂಠಿ, ಜಾಪತ್ರೆ, ಅರ್ಧ ಪಾಲು ಲವಂಗ ಎಂದು ನಾನು ಬೆರೆಸುತ್ತೇನೆ. ಸಾರಿನ ಪುಡಿಗೆ ಹುರಿಯುವಂತೆ ಇಲ್ಲಿ ಕೊತ್ತಂಬರಿಯನ್ನು ಹುರಿಯಬಾರದು. ಹಸಿಯಾಗಿಯೇ ಪುಡಿಮಾಡಿದಾಗ ಬರುವ ಕಿತ್ತಳೆಯಂಥ ಪರಿಮಳವೇ ಈ ಮಿಶ್ರಣದ ಜೀವ, ಹುರಿದರೆ ಅದು ಹೋಗಿಬಿಡುತ್ತದೆ. ಲೇಬ್‌ಕೂಕನ್ ಎಂಬ ಜರ್ಮನಿಯ ಕ್ರಿಸ್‌ಮಸ್ ತಿಂಡಿಯ ಮಸಾಲೆಯನ್ನು ಬದಲಿಯೆಂದು ಹೇಳುವವರುಂಟು. ಅದರಲ್ಲಿ ಸಾಮಾನ್ಯವಾಗಿ ಸೋಂಪಿನ ಜಾತಿಯ ಅನೀಸ್ ಇರುವುದರಿಂದ ಕೇಕು ಬೇರೆಯೇ ದಿಕ್ಕಿಗೆ ಹೋಗುತ್ತದೆ.

ಒಣಹಣ್ಣುಗಳಲ್ಲಿ ಕರಂಟ್ಸ್ ಎಂಬುದು ಗ್ರೀಸ್ ಮೂಲದ ಅತಿ ಚಿಕ್ಕ ಕಪ್ಪು ಒಣದ್ರಾಕ್ಷಿ. ಇಲ್ಲಿ ಕೊರಿಂಥೆನ್ ಎಂದು ಕೇಳಿ ಕೊಳ್ಳಬೇಕು. ಎಕಲ್ಸ್ ಕೇಕಿಗೂ ವೆಲ್ಷ್ ಕೇಕಿಗೂ ದೊಡ್ಡ ದ್ರಾಕ್ಷಿ ಕತ್ತರಿಸಿ ಹಾಕಿದರೆ ಹೊಂದುವುದಿಲ್ಲ, ರಸ ಬಿಟ್ಟು ಹಿಟ್ಟು ಒದ್ದೆಯಾಗುತ್ತದೆ. ಸುಲ್ತಾನಾ ಎಲ್ಲೆಡೆ ಇದೆ. ಊರಿನಿಂದ ಬರುವವರು ವಿಜಯಪುರದ ಒಣದ್ರಾಕ್ಷಿ ತಂದಿದ್ದರೆ ಸುಲ್ತಾನಾ ಜಾಗದಲ್ಲಿ ಅದನ್ನು ಧೈರ್ಯವಾಗಿ ಬಳಸಬಹುದು. ಬೀಜವಿಲ್ಲದ ಹಸಿರು ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸುವ ಅಲ್ಲಿಯ ಕ್ರಮವೂ ಸುಲ್ತಾನಾ ಮಾಡುವ ಕ್ರಮಕ್ಕೆ ಹತ್ತಿರದ್ದೇ.

ಸಕ್ಕರೆ ಪಾಕದಲ್ಲಿ ಊರಿದ ಕಿತ್ತಳೆ ಮತ್ತು ಸಿಟ್ರನ್ ಸಿಪ್ಪೆಯಲ್ಲಿ ಜರ್ಮನಿ ಬ್ರಿಟನ್ನಿಗಿಂತ ಒಂದು ಕೈ ಮೇಲು. ಬಾದಾಮಿ ಮತ್ತು ಸಕ್ಕರೆಯ ಕಣಕವಾದ ಮಾರ್ಜಿಪಾನ್ ಕೂಡ ಹಾಗೆಯೇ, ಆದರೆ ಅಲ್ಲೊಂದು ಲೆಕ್ಕವಿದೆ. ಬೇಕಿಂಗಿಗೆಂದು ಇಲ್ಲಿ ಮಾರುವ ಕಚ್ಚಾ ಮಾರ್ಜಿಪಾನ್‌ನಲ್ಲಿ ಸೇರಿಸಿದ ಸಕ್ಕರೆ 35 ಶೇಕಡಾ ಮೀರುವಂತಿಲ್ಲ. ಬ್ರಿಟಿಷ್ ಮಾರ್ಜಿಪಾನ್‌ನಲ್ಲಿ ಸಕ್ಕರೆಯೇ ಹೆಚ್ಚು. ಕಚ್ಚಾ ಮಾರ್ಜಿಪಾನನ್ನು ಹಾಗೆಯೇ ಲಟ್ಟಿಸಿ ಬ್ಯಾಟನ್‌ಬರ್ಗ್ ಕೇಕಿಗೆ ಸುತ್ತಲು ಹೋದರೆ ಎಣ್ಣೆ ಬಿಟ್ಟು ಹರಿಯುತ್ತದೆ. ಅದರ ಅರ್ಧದಷ್ಟು ತೂಕದ ಐಸಿಂಗ್ ಸಕ್ಕರೆ ಸೇರಿಸಿ ನಾದಿಕೊಂಡರೆ ಹಾಳೆಯಂತೆ ಏಳುತ್ತದೆ, ರುಚಿಯೂ ಬ್ರಿಟಿಷ್ ಡಬ್ಬಿಯದಕ್ಕಿಂತ ಮೇಲಾಗಿರುತ್ತದೆ.

ಕೆನೆ

ಬ್ರಿಟಿಷ್ ಡಬಲ್ ಕ್ರೀಮಿನಲ್ಲಿ 48 ಶೇಕಡಾ ಕೊಬ್ಬಿರುತ್ತದೆ, ಜರ್ಮನಿಯ ಶ್ಲಾಗ್‌ಸಾನೆಯಲ್ಲಿ 30ಕ್ಕಿಂತ ಸ್ವಲ್ಪ ಹೆಚ್ಚು. ಕೇಕಿನ ನಡುವೆ ತುಂಬುವ ಕೆನೆಗೆ ಶ್ಲಾಗ್‌ಸಾನೆಯ ಜೊತೆ ಮೂರನೆಯ ಒಂದು ಭಾಗ ಮಾಸ್ಕರ್ಪೋನೆ ಎಂಬ ಇಟಲಿಯ ಕೆನೆ ಚೀಸ್ ಸೇರಿಸಿ ಕಡೆದರೆ ಆ ಗಟ್ಟಿತನ ಬರುತ್ತದೆ.

ಕ್ಲಾಟೆಡ್ ಕ್ರೀಮ್ ಮಾತ್ರ ಮನೆಯಲ್ಲೇ ಆಗಬೇಕು. ಕಾರ್ನ್‌ವಾಲ್‌ನ ಕ್ಲಾಟೆಡ್ ಕ್ರೀಮಿಗೆ 1998ರಲ್ಲಿ ಯುರೋಪಿನ ಭೌಗೋಳಿಕ ರಕ್ಷಣೆ ದೊರೆಯಿತು; ಅದರಲ್ಲಿ ಕನಿಷ್ಠ 55 ಶೇಕಡಾ ಕೊಬ್ಬಿರಬೇಕೆಂಬುದು ನಿಯಮ. ಹಾಲನ್ನು ಸಣ್ಣ ಉರಿಯಲ್ಲಿ ಕಾಯಿಸಿ, ತಣಿಸಿ, ಮೇಲಿನ ಕೆನೆ ತೆಗೆದಿಡುವ ಮನೆಗಳಲ್ಲಿ ಬೆಳೆದವರಿಗೆ ಇದರ ಕ್ರಮ ಹೊಸದೆನಿಸುವುದಿಲ್ಲ. ಅಗಲವಾದ, ಆಳವಿಲ್ಲದ ಪಾತ್ರೆಗೆ ಎರಡು ಮೂರು ಬೆರಳು ಎತ್ತರ ಬರುವಷ್ಟು ಕ್ರೀಮ್ ಸುರಿದು, 80 ಡಿಗ್ರಿಯ ಒವನ್‌ನಲ್ಲಿ ಹನ್ನೆರಡು ಗಂಟೆ ಕದಲಿಸದೆ ಬಿಟ್ಟು, ಆಮೇಲೆ ಫ್ರಿಜ್ಜಿನಲ್ಲಿ ಅಷ್ಟೇ ಹೊತ್ತು ಇಡಬೇಕು. ಮೇಲೆ ಹಳದಿ ಬಣ್ಣದ, ಸಣ್ಣ ಸುಕ್ಕುಗಳಿರುವ ಹೊದಿಕೆ ಕಟ್ಟಿರುತ್ತದೆ. ಅದನ್ನೂ ಕೆಳಗಿನ ದಪ್ಪ ಪದರವನ್ನೂ ಒಟ್ಟಿಗೆ ಎತ್ತಿ, ತಳದ ತೆಳು ಹಾಲನ್ನು ಸ್ಕೋನ್ ಕಲೆಸಲು ಉಳಿಸಿಕೊಳ್ಳಬಹುದು. ಅತಿ ಉಷ್ಣತೆಗೆ ಕಾಯಿಸಿದ ದೀರ್ಘಬಾಳಿಕೆಯ ಕ್ರೀಮ್ ಮತ್ತು ಗಟ್ಟಿತನಕ್ಕೆ ಕ್ಯಾರಜೀನನ್ ಬೆರೆಸಿದ ಕ್ರೀಮ್ ಎರಡೂ ಇದಕ್ಕೆ ಆಗದು. ಸಾವಯವ ಅಂಗಡಿಯ ತಾಜಾ ಕ್ರೀಮನ್ನು, ಲೇಬಲ್ ಓದಿ ತರಬೇಕು.

ಇನ್ನುಳಿದವು

ಕಾಫಿ ಮತ್ತು ವಾಲ್‌ನಟ್ ಕೇಕಿಗೆ ಹಳೆಯ ಬ್ರಿಟಿಷ್ ಮನೆಗಳಲ್ಲಿ ಬಳಸುತ್ತಿದ್ದ ಕ್ಯಾಂಪ್ ಕಾಫಿ, 1876ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಕಾಫಿ–ಚಿಕೋರಿ–ಸಕ್ಕರೆಯ ಗಟ್ಟಿ ದ್ರವ. ಬ್ರಿಟನ್ನಿನ ಹೊರಗೆ ಅದನ್ನು ಹುಡುಕುತ್ತ ಅಲೆಯುವ ಬದಲು ನಮ್ಮ ಚಿಕೋರಿ ಬೆರೆತ ಕಾಫಿಪುಡಿಯ ಮೊದಲ ಡಿಕಾಕ್ಷನ್ನಿಗೆ ಸಕ್ಕರೆ ಹಾಕಿ ಅರ್ಧಕ್ಕೆ ಬತ್ತಿಸಿದರೆ ಆಯಿತು. ಇನ್‌ಸ್ಟಂಟ್ ಕಾಫಿಯ ಬದಲಿಗಿಂತ ಇದು ಎಷ್ಟೋ ಉತ್ತಮ.

ಕಸ್ಟರ್ಡ್ ಪುಡಿಯನ್ನು 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಬರ್ಡ್ ಮೊಟ್ಟೆ ಒಗ್ಗದ ತಮ್ಮ ಹೆಂಡತಿಗಾಗಿ ರೂಪಿಸಿದರು. ಅದು ಮೆಕ್ಕೆಜೋಳದ ಪಿಷ್ಟ, ಬಣ್ಣ, ಸುವಾಸನೆಗಳ ಮಿಶ್ರಣ. ಜರ್ಮನಿಯ ವೆನಿಲ್ಲಾ ಪುಡಿಂಗ್ ಪುಡಿಯೂ ಪಿಷ್ಟದಿಂದಲೇ ಮಾಡಿದ್ದಾಗಿರುವುದರಿಂದ, ಹಾಲನ್ನು ಸ್ವಲ್ಪ ಹೆಚ್ಚಿಸಿದರೆ ಸುರಿಯುವ ಹದದ ಕಸ್ಟರ್ಡ್ ಆಗುತ್ತದೆ. ಪಾರ್ಕಿನ್‌ಗೆ ಬೇಕಾದ ಮಧ್ಯಮ ಓಟ್‌ಮೀಲ್ ಸಿಗದಿದ್ದರೆ ಓಟ್ಸನ್ನು ಮಿಕ್ಸಿಯಲ್ಲಿ ರವೆಯಷ್ಟು ತರಿಯಾಗಿ ಮಾಡಿಕೊಳ್ಳಿ.

ಸೇಬಿನ ಕ್ರಂಬಲ್ಲಿಗೂ ಪೈಗೂ ಬ್ರಿಟಿಷರು ಬಳಸುವ ಬ್ರಾಮ್ಲಿ ಹುಳಿ ಸೇಬು, 1809ರಲ್ಲಿ ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಊರಿದ ಬೀಜದಿಂದ ಬಂದದ್ದು. ಬೆಂದಾಗ ಪೂರ್ತಿ ಕರಗಿ ಬೆಣ್ಣೆಯಂತಾಗುವುದು ಅದರ ಗುಣ. ಜರ್ಮನಿ ಮತ್ತು ನೆದರ್ಲ್ಯಾಂಡ್ಸ್‌ನ ಬೋಸ್ಕೋಪ್ ಸೇಬು ಹುಳಿಯಲ್ಲೂ ಕರಗುವುದರಲ್ಲೂ ಅದಕ್ಕೆ ಬಹಳ ಹತ್ತಿರ. ಶರತ್ಕಾಲದಲ್ಲಿ ವಾರದ ಸಂತೆಗಳಲ್ಲಿ ಧಾರಾಳವಾಗಿ ಬರುವ ಅದನ್ನು ಆಗಲೇ ಹೆಚ್ಚಿಗೆ ಕೊಂಡು, ಹೆಚ್ಚಿ ಬೇಯಿಸಿ ಫ್ರೀಜರಿನಲ್ಲಿಟ್ಟುಕೊಳ್ಳಬೇಕು. ಸಿಟ್ರಸ್ ಸಿಪ್ಪೆಯೂ ಲೇಬ್‌ಕೂಕನ್ ಕಾಲದಲ್ಲೇ, ಅಂದರೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಹೆಚ್ಚಾಗಿ ಸಿಗುವುದು. ಕ್ರಿಸ್‌ಮಸ್ ಪುಡಿಂಗ್ ಕಲೆಸುವ ರೂಢಿಯ ದಿನವಾದ ಸ್ಟರ್ ಅಪ್ ಸಂಡೇ, ಕ್ರಿಸ್‌ಮಸ್ ಪೂರ್ವದ ಅಡ್ವೆಂಟ್ ಕಾಲ ಆರಂಭವಾಗುವುದಕ್ಕೆ ಮುಂಚಿನ ಭಾನುವಾರ ಬರುತ್ತದೆ, ಅಂದರೆ ನವೆಂಬರ್ ಕೊನೆಯ ಆಸುಪಾಸು. ಆ ಹೊತ್ತಿಗೆ ಸೂಯೆಟ್ ಮತ್ತು ಗೋಲ್ಡನ್ ಸಿರಪ್ ಕೈಗೆ ಬರಬೇಕಾದರೆ, ಕಸ್ಟಮ್ಸ್ ತಪಾಸಣೆಗೆ ಹಿಡಿಯುವ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅಕ್ಟೋಬರ್ ಮೊದಲ ವಾರದಲ್ಲೇ ಆರ್ಡರ್ ಹಾಕಿಬಿಡಬೇಕು.